ವಾಚಿನ ಸರ್ವಿಸ್‌ಗೆ ಪಟ್ಟಿಯಲ್ಲಿರುವ ಅಷ್ಟೂ ಎಣ್ಣೆ ಬೇಕೇ?

ಪರ: ಪಟ್ಟಿ ಸುಮ್ಮನೆ ಉದ್ದವಾಗಿಲ್ಲ

ಕೀಲಿ ಕೊಡುವ ಒಂದು ಪುಟ್ಟ ಕೈಗಡಿಯಾರವನ್ನು ಬಿಚ್ಚಿ ತೊಳೆದು ಸರ್ವಿಸ್ ಮಾಡಲು ಆರೇಳು ಬಗೆಯ ಎಣ್ಣೆ, ಗ್ರೀಸ್ ಬೇಕೆಂದು ಪಟ್ಟಿ ಹೇಳಿದರೆ ಯಾರಿಗಾದರೂ ದುಂದು ಎನಿಸುತ್ತದೆ. ಆದರೆ ಕೀಲಿಯ ಬಲ ತುಂಬಿಡುವ ಬ್ಯಾರೆಲ್‌ನಿಂದ, ವಾಚಿನ ಲಯ ಹಿಡಿಯುವ ಬ್ಯಾಲೆನ್ಸ್ ಚಕ್ರದ ಕಡೆಗೆ ನಡೆದಂತೆ ಒತ್ತಡ ಇಳಿಯುತ್ತದೆ, ವೇಗ ಏರುತ್ತದೆ. ಸ್ಪ್ರಿಂಗ್ ಅಡಗಿರುವ ಬ್ಯಾರೆಲ್ ಒಂದು ಸುತ್ತು ತಿರುಗಲು ಹಲವು ಗಂಟೆ ಬೇಕು. ಅದರ ಬಲವೆಲ್ಲ ನೇರವಾಗಿ ಮುಂದಿನ ಚಕ್ರದ ಪಿವಟ್‌ (ಅಚ್ಚಿನ ತುದಿ) ಮೇಲೆ ಬೀಳುತ್ತದೆ. ಇನ್ನೊಂದು ಕೊನೆಯಲ್ಲಿ ಬ್ಯಾಲೆನ್ಸ್ ಚಕ್ರ ಇಂದಿನ ಹಲವು ಯಾಂತ್ರಿಕ ವಾಚುಗಳಲ್ಲಿ ಗಂಟೆಗೆ 28,800 ಸಲ, ಅಂದರೆ ಸೆಕೆಂಡಿಗೆ 8 ಸಲ ಹೊಯ್ದಾಡುತ್ತದೆ. ಅದನ್ನು ಹೊತ್ತಿರುವ ಪಿವಟ್‌ನ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು.

ಈ ಎರಡಕ್ಕೂ ಒಂದೇ ಎಣ್ಣೆ ಸಲ್ಲುವುದಿಲ್ಲ. ವಾಚಿನ ಎಣ್ಣೆ ತಯಾರಿಸುವ ಮೋಬಿಯಸ್‌ನ 9010 ತೆಳು ಎಣ್ಣೆ, ಬ್ಯಾಲೆನ್ಸಿಗೂ ವೇಗದ ಚಕ್ರಗಳಿಗೂ ಅದೇ ಸರಿ. ಅದೇ ಮೋಬಿಯಸ್‌ನ ಎಚ್‌ಪಿ 1300 ಅದಕ್ಕಿಂತ ಸುಮಾರು ಎಂಟು ಪಟ್ಟು ಮಂದ. ನಿಧಾನವಾಗಿ ತಿರುಗುತ್ತಾ ಹೊರೆ ಹೊರುವ ಕಡೆಗೆ ಅದು. ತೆಳು ಎಣ್ಣೆಯನ್ನು ಬ್ಯಾರೆಲ್ ಪಕ್ಕದ ನಡುಚಕ್ರಕ್ಕೆ ಬಿಟ್ಟರೆ ಒತ್ತಡಕ್ಕೆ ಹಿಂಡಿಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಕೆಲವು ವರ್ಷ ಬಿಟ್ಟು ತೆರೆದವರಿಗೆ ಕಾಣುವುದು ಕಪ್ಪು ಪುಡಿ ಮತ್ತು ಗೀರುಬಿದ್ದ ಪಿವಟ್. ಮಂದ ಎಣ್ಣೆಯನ್ನು ಬ್ಯಾಲೆನ್ಸಿಗೆ ಹಾಕಿದರೆ ಹಾನಿ ಕೂಡಲೇ ತಿಳಿಯುತ್ತದೆ: 280 ಡಿಗ್ರಿ ಹೊಯ್ದಾಡಬೇಕಾದ ಚಕ್ರ ಸೊರಗುತ್ತದೆ.

ಮಿಕ್ಕ ಬಾಟಲಿಗಳ ಕಥೆಯೂ ಹೀಗೆಯೇ. ಎಸ್ಕೇಪ್ ಚಕ್ರವನ್ನು ಒಂದೊಂದೇ ಹಲ್ಲು ತಡೆದು ಬಿಡುವ ಕವಲುಗೋಲು ಪ್ಯಾಲೆಟ್ ಫೋರ್ಕ್. ಅದರ ಕಲ್ಲುಗಳಿಗೆ ಹೇಳುವ 9415 ಸುಮ್ಮನಿದ್ದಾಗ ಗ್ರೀಸಿನಂತೆ ಗಟ್ಟಿ, ಎಸ್ಕೇಪ್ ಚಕ್ರದ ಹಲ್ಲು ಬಡಿದ ಕ್ಷಣ ಎಣ್ಣೆಯಂತೆ ಸಡಿಲ. ಸೆಕೆಂಡಿಗೆ ಎಂಟು ಬಡಿತ ತಿನ್ನುವ ಜಾಗದಿಂದ ಸಾದಾ ಎಣ್ಣೆ ಚೆದರಿಹೋಗುತ್ತದೆ. ಅಲ್ಲಿ ಎಣ್ಣೆ ನಿಲ್ಲಬೇಕಾದರೆ ಎಪಿಲೇಮ್ ಲೇಪವೂ ಬೇಕು. ಎಣ್ಣೆ ಹರಡದಂತೆ ತಡೆಯುವ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಅದು. ಬಲ್ಲವರು ಲೇಪಿಸಿದ ಮೇಲೆ ವಾಚನ್ನು ಕೆಲವು ನಿಮಿಷ ಒಣದಾಗಿಯೇ ಓಡಿಸುತ್ತಾರೆ. ಹಲ್ಲು ಉಜ್ಜಿದ ಗೆರೆಯಲ್ಲಿ ಮಾತ್ರ ಪೊರೆ ಸವೆಯುತ್ತದೆ, ಎಣ್ಣೆ ಆ ಗೆರೆಯೊಳಗೇ ಬಂದಿಯಾಗುತ್ತದೆ. ಇದನ್ನು ಕಂಡುಕೊಂಡವರಿಗೆ ಕೈಮುಗಿಯಬೇಕು.

ಹಿಂದಿನವರು ಒಂದೆರಡು ಎಣ್ಣೆಯಲ್ಲೇ ಕೆಲಸ ಮುಗಿಸುತ್ತಿರಲಿಲ್ಲವೇ ಎಂದು ಕೇಳುವವರುಂಟು. ಮುಗಿಸುತ್ತಿದ್ದರು. ಪ್ರಾಣಿಜನ್ಯ ಎಣ್ಣೆ ಬೇಗ ಅಂಟಾಗುತ್ತಿದ್ದ ಕಾರಣ ವಾಚನ್ನು ಪದೇಪದೇ ಬಿಚ್ಚಿ ತೊಳೆಯುತ್ತಲೂ ಇದ್ದರು. ಇಂದು ಐದಾರು ವರ್ಷ ಮುಟ್ಟದೆ ಓಡಬೇಕೆಂದು ಬಯಸುವವರು ಆ ಕಾಲದ ಲೆಕ್ಕವನ್ನು ಮುಂದಿಡಬಾರದು.

ವಿರೋಧ: ಬಾಟಲಿ ಎಣಿಸುವ ಮೊದಲು ಹನಿ ನೋಡಿ

ತೆಳುವಿನದೊಂದು, ಮಂದದ್ದೊಂದು ಬೇಕೆಂಬುದರಲ್ಲಿ ಜಗಳವಿಲ್ಲ. ಕೀಲಿ ಕೊಡುವ ಮತ್ತು ಮುಳ್ಳು ತಿರುಗಿಸುವ ಭಾಗಗಳಿಗೆ, ಸ್ಪ್ರಿಂಗಿಗೆ ಒಂದು ಗ್ರೀಸ್ ಕೂಡ ಬೇಕು. ಅಲ್ಲಿಂದಾಚೆ ಎಂಟು ಬಾಟಲಿಯವರೆಗೆ ಹಿಗ್ಗುವ ಪಟ್ಟಿಯ ಬಗ್ಗೆ ನನ್ನ ತಕರಾರು. ಅದು ಸುಳ್ಳೆಂದಲ್ಲ, ಕೆಟ್ಟ ಸರ್ವಿಸ್‌ಗಳು ಕೆಡುವುದು ಅಲ್ಲಿ ಅಲ್ಲ.

ಬ್ಯಾಲೆನ್ಸಿನ ಪಿವಟ್‌ಗೆ ಎಣ್ಣೆ ಹಾಕುವುದನ್ನೇ ನೋಡಿ. ಪಿವಟ್ ಕೂರುವ, ರಂಧ್ರವಿರುವ ಕಲ್ಲಿನ ಬೆನ್ನಿಗೆ ಒಂದು ಚಪ್ಪಟೆ ಮುಚ್ಚುಗಲ್ಲು ಇರುತ್ತದೆ. ಎರಡರ ನಡುವೆ ಕೂದಲೆಳೆಯಷ್ಟು ಸಂದು. ಆ ಸಂದಿಯ ಸೆಳೆತವೇ ಎಣ್ಣೆಯನ್ನು ಮಧ್ಯದಲ್ಲಿ ಹಿಡಿದಿಡುತ್ತದೆ. ಹನಿ ಹಾಕಿ ಭೂತಗನ್ನಡಿಯಲ್ಲಿ ಮೇಲಿನಿಂದ ನೋಡಿದರೆ ಕಲ್ಲಿನೊಳಗೆ ಒಂದು ಉಂಗುರ ಕಾಣಬೇಕು, ಕಲ್ಲಿನ ಅಗಲದ ಅರ್ಧದಿಂದ ಮೂರನೇ ಎರಡರಷ್ಟು. ಉಂಗುರ ಅಂಚಿಗೆ ತಾಗಿತೋ, ಎಣ್ಣೆ ಹೊರಗೆ ಹರಿದು ಪಿವಟ್ ಒಣಗುತ್ತದೆ. ಎಷ್ಟೇ ದುಬಾರಿ ಎಣ್ಣೆಯಾದರೂ ಇದಕ್ಕೆ ವಿನಾಯಿತಿ ಇಲ್ಲ. ಕಲ್ಲಿನ ಮೇಲೆ ಹಳೆಯ ಎಣ್ಣೆಯ ಜಿಡ್ಡು ಉಳಿದಿದ್ದರೆ ಉಂಗುರ ಮೂಡುವುದೇ ಇಲ್ಲ, ಹನಿ ಒಂದು ಕಡೆಗೆ ವಾಲುತ್ತದೆ. ಆಗ ಮಾಡಬೇಕಾದದ್ದು ಮತ್ತೆ ತೊಳೆಯುವುದು.

ಪ್ಯಾಲೆಟ್ ಫೋರ್ಕಿನ ಪಿವಟ್‌ಗಳಿಗಂತೂ ಎಣ್ಣೆಯನ್ನೇ ಹಾಕುವುದಿಲ್ಲ. ಅಷ್ಟು ಹಗುರವಾಗಿ ಆಡುವ ಭಾಗಕ್ಕೆ ಎಣ್ಣೆಯ ಅಂಟೇ ಭಾರ. ಪಟ್ಟಿ ಹಿಡಿದ ಉತ್ಸಾಹಿಗಳು ಕಂಡ ರಂಧ್ರಕ್ಕೆಲ್ಲ ಹನಿ ಬಿಡುತ್ತಾ ಇಲ್ಲಿಯೂ ಬಿಡುತ್ತಾರೆ.

ಎಪಿಲೇಮ್ ಜಾಣತನದ ವಸ್ತುವೇ. ಆದರೆ ಅದು ಬೇಡದ ಕಡೆ, ಅಂದರೆ ಎಣ್ಣೆ ಒಳಸೇರಬೇಕಾದ ಕಲ್ಲಿನ ರಂಧ್ರಕ್ಕೆ ತಾಗಿದರೆ ಎಣ್ಣೆ ಅಲ್ಲಿ ನಿಲ್ಲಲು ಒಲ್ಲದು. ಪರಿಕರ ಹೆಚ್ಚಿದಷ್ಟೂ ಎಡವಟ್ಟಿಗೆ ಜಾಗ ಹೆಚ್ಚು. ಬಾಟಲಿಗೂ ಆಯುಸ್ಸಿದೆ: ವರ್ಷಕ್ಕೆ ಹತ್ತು ವಾಚು ಬಿಚ್ಚುವ ಹವ್ಯಾಸಿಯ ಮೇಜಿನ ಮೇಲೆ ಎಂಟು ಬಾಟಲಿಗಳಲ್ಲಿ ಆರು ಖಾಲಿಯಾಗುವ ಮೊದಲೇ ಅವಧಿ ಮೀರುತ್ತವೆ, ಧೂಳು ಸೇರಿಸಿಕೊಳ್ಳುತ್ತವೆ. ಎರಡು ತಾಜಾ ಎಣ್ಣೆ ಆರು ಹಳಸಲು ಎಣ್ಣೆಗಿಂತ ಮೇಲು.

ಇನ್ನೊಂದು ಮಾತು, ಸ್ವಲ್ಪ ದಾರಿ ಬಿಟ್ಟು. ಗಡಿಯಾರದ ಚರಿತ್ರೆಯಲ್ಲಿ ದೊಡ್ಡ ತಲೆಗಳು ಎಣ್ಣೆಯನ್ನು ಕಳಚಿಕೊಳ್ಳಲೇ ಹೆಣಗಿದ್ದಾರೆ. 18ನೇ ಶತಮಾನದಲ್ಲಿ ಜಾನ್ ಹ್ಯಾರಿಸನ್ ಇಂಗ್ಲೆಂಡಿನ ಬ್ರಾಕಲ್ಸ್‌ಬಿ ಪಾರ್ಕಿನ ಗಡಿಯಾರವನ್ನು ಎಣ್ಣೆ ಬೇಡದಂತೆ, ತನ್ನೊಳಗೇ ಜಿಡ್ಡಿರುವ ಲಿಗ್ನಮ್ ವೀಟೆ ಮರ ಬಳಸಿ ಕಟ್ಟಿದ. ಇಂಗ್ಲೆಂಡಿನ ವಾಚು ತಯಾರಕ ಜಾರ್ಜ್ ಡೇನಿಯಲ್ಸ್ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟ್ ಎಂಬ ಹೊಸ ಬಗೆಯ ತಡೆದು ಬಿಡುವ ವ್ಯವಸ್ಥೆ ರೂಪಿಸಿದ್ದೂ ಉಜ್ಜಾಟ ತಗ್ಗಿಸಿ ಎಣ್ಣೆಯ ಹಂಗು ಕಳೆಯಲೆಂದೇ. ಒಮೆಗಾ ಅದನ್ನು 1999ರಲ್ಲಿ ಮಾರುಕಟ್ಟೆಗೆ ತಂದಾಗ ಚೂರು ಎಣ್ಣೆ ಉಳಿದೇ ಉಳಿಯಿತು. 2001ರಲ್ಲಿ ಯುಲಿಸ್ ನಾರ್ಡಾನ್ ಕಂಪನಿಯ ಫ್ರೀಕ್ ವಾಚು ಸಿಲಿಕಾನ್ ಚಕ್ರಗಳೊಂದಿಗೆ ಬಂತು. ಯಂತ್ರವನ್ನೇ ಬದಲಾಯಿಸಿ ಎಣ್ಣೆ ಕಡಿಮೆ ಮಾಡುವ ದಾರಿ ಇದು. ಈ ಕಡೆ ಹಳೆಯ ವಾಚುಗಳನ್ನು ರಿಪೇರಿ ಮಾಡುವ ನಮಗೆ ಎಣ್ಣೆಯ ಬಗೆ ಹೆಚ್ಚಿಸುವುದೇ ಪ್ರಗತಿ ಎನಿಸಿಬಿಟ್ಟಿದೆ.

ಒಂದು ರಿಯಾಯಿತಿ ಕೊಡುತ್ತೇನೆ. ಸ್ವಯಂಚಾಲಿತ ವಾಚಿನಲ್ಲಿ ಸ್ಪ್ರಿಂಗಿನ ಹೊರತುದಿ ಪೂರ್ಣ ಬಿಗಿಯಾದ ಮೇಲೆ ಬ್ಯಾರೆಲ್ ಗೋಡೆಯ ಮೇಲೆ ಜಾರಬೇಕು. ಸಾದಾ ಗ್ರೀಸ್ ಹಾಕಿದರೆ ಅದು ಮೊದಲೇ ಜಾರಿ, ವಾಚು ರಾತ್ರಿ ಕಳೆಯುವ ಮುನ್ನ ನಿಲ್ಲಬಹುದು. ಅಲ್ಲಿ 8217ರಂಥ ತಡೆಗ್ರೀಸ್ ಬೇಕೇ ಬೇಕು. ಕೈಯಿಂದ ಕೀಲಿ ಕೊಡುವ ವಾಚು ಮಾತ್ರ ಬಿಚ್ಚುವವರು ಅದನ್ನೂ ಕೊಳ್ಳಬೇಕಿಲ್ಲ. ಆ ಹಣಕ್ಕೆ ಒಳ್ಳೆಯ ಭೂತಗನ್ನಡಿಯೂ ತುದಿ ಮುಕ್ಕಾಗದ ಎಣ್ಣೆಕಡ್ಡಿಯೂ ಬರಲಿ.