ಭೂತ ಮಾತ್ರ ಪಕ್ಕದ ರಾಜ್ಯದ್ದು

ಶಿರಸಿಯಲ್ಲಿ ಸಿನಿಮಾ ನೋಡಲು ಟಿಕೆಟ್ ಬೇಕಾಗಿಲ್ಲ, ಪೋಸ್ಟರ್ ಸಾಕು. ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುವ ಹಿರಿಯರೊಬ್ಬರಿದ್ದಾರೆ. ಗೋಡೆಯ ಮೇಲಿನ ಅಂಟು ಆರುವ ಮೊದಲೇ ಪೋಸ್ಟರಿನ ಮುಂದೆ ನಿಂತು, ಕನ್ನಡಕವನ್ನು ಹಣೆಗೇರಿಸಿ, ಪೂರ್ತಿ ಕಥೆ ಹೇಳಿಬಿಡುತ್ತಾರೆ. ನಾಯಕನ ಗಡ್ಡ ಎದೆಯವರೆಗೆ ಇಳಿದಿದ್ದರೆ ಸತ್ತ ತಾಯಿಗೆ ಕೊಟ್ಟ ಮಾತೊಂದು ಬಾಕಿಯಿದೆ. ಕುತ್ತಿಗೆಯಲ್ಲಿಯೇ ನಿಂತಿದ್ದರೆ ತಾಯಿ ಇನ್ನೂ ಬದುಕಿದ್ದಾಳೆ, ಮಧ್ಯಂತರದ ಹೊತ್ತಿಗೆ ಸಾಯುತ್ತಾಳೆ. ಕೈಯಲ್ಲಿ ಕತ್ತಿಯಿದ್ದರೆ ಒಂದೇ ಭಾಗ, ಕೊಡಲಿಯಿದ್ದರೆ ಎರಡು ಭಾಗ. ನಾಯಕಿ ಪೋಸ್ಟರಿನಲ್ಲಿ ಎಲ್ಲಿಯೂ ಕಾಣದಿದ್ದರೆ ಗಾಬರಿಯಾಗಬೇಕಿಲ್ಲ. ಸಿನಿಮಾದಲ್ಲಿದ್ದಾಳೆ, ಹಾಡಿನ ಮಟ್ಟಿಗೆ.

"ತಮ್ಮಾ, ಚೀಲದ ಬಾಯಿಯಲ್ಲಿ ನಾಲ್ಕು ಹಿಡಿ ಒಳ್ಳೆಯ ರಾಶಿ ಅಡಿಕೆ ಇಟ್ಟು, ಅಡಿಯಲ್ಲೆಲ್ಲ ಕೋಕಾ ತುಂಬಿದರೆ ಅದಕ್ಕೆ ಟ್ರೇಲರ್ ಎನ್ನುತ್ತಾರೆ" ಎಂಬುದು ಅವರ ವ್ಯಾಖ್ಯಾನ. ಕೋಕಾ ಎಂದರೆ ಕೆಟ್ಟ ಅಡಿಕೆ ಎಂದು ಘಟ್ಟದ ಕೆಳಗಿನವರಿಗೂ ಗೊತ್ತು. ಆದರೆ ಅಡಿಕೆಯನ್ನಾದರೂ ಚೀಲಕ್ಕೆ ಕೈ ಹಾಕಿ, ಅಡಿಯಿಂದ ನಾಲ್ಕು ತೆಗೆದು, ಅಡಕತ್ತರಿಯಲ್ಲಿ ಸೀಳಿ ನೋಡಿದ ಮೇಲೆ ದರ ಬರೆಯುತ್ತಾರೆ. ಚಿತ್ರಮಂದಿರದಲ್ಲಿ ದರ ಮೊದಲು, ಸೀಳುವುದು ಆಮೇಲೆ.

ರಿಮೇಕನ್ನು ನಾನು ಪೂರ್ತಿ ಅಲ್ಲಗಳೆಯುವವನಲ್ಲ. ಅದರಿಂದ ನನ್ನ ಸಾಮಾನ್ಯ ಜ್ಞಾನ ಬೆಳೆದಿದೆ. 1993ರಲ್ಲಿ ಮಲಯಾಳದ ‘ಮಣಿಚಿತ್ರತಾಳ್’ ಬಂತು. ಹಳೆಯ ಮನೆ, ಬೀಗ ಹಾಕಿದ ಕೋಣೆ, ಅದರೊಳಗೆ ಭೂತವಾಗಿದ್ದಾಳೆನ್ನುವ ಒಬ್ಬ ನರ್ತಕಿಯ ಕಥೆ. ಕೇರಳದ ಮನೆಯಾದರೂ ನರ್ತಕಿ ತಂಜಾವೂರಿನವಳು, ಆಡುವುದು ತಮಿಳು. 2004ರಲ್ಲಿ ಅದು ಕನ್ನಡದ ‘ಆಪ್ತಮಿತ್ರ’ವಾದಾಗ ಮನೆ ನಮ್ಮದಾಯಿತು, ನರ್ತಕಿ ನಾಗವಲ್ಲಿ ತೆಲುಗಿನವಳಾದಳು. ಮರುವರ್ಷ ತಮಿಳಿಗೆ ಹೋಯಿತು. ಅಲ್ಲಿ ತಮಿಳು ನರ್ತಕಿ ಸಲ್ಲದಲ್ಲ, ಹಾಗಾಗಿ ಅಲ್ಲಿಯೂ ತೆಲುಗು. 2007ರಲ್ಲಿ ಹಿಂದಿಗೆ ಹೋದಾಗ ಬಂಗಾಳಿಯಾದಳು. ನಾಯಕ, ನಾಯಕಿ, ಅಡುಗೆಯವ, ತೋಟದ ಕಾವಲಿನವ ಎಲ್ಲರೂ ಸ್ಥಳೀಯರು. ಭೂತ ಮಾತ್ರ ಕಡ್ಡಾಯವಾಗಿ ಪಕ್ಕದ ರಾಜ್ಯದ್ದು. ಗಡಿ ವಿವಾದದ ಬಗ್ಗೆ ಇಷ್ಟು ಸ್ಪಷ್ಟವಾದ ನಿಲುವನ್ನು ನಮ್ಮ ಯಾವ ಪಕ್ಷವೂ ಇದುವರೆಗೆ ತಳೆದಿಲ್ಲ. ಕಾರವಾರವನ್ನು ತಮ್ಮದೆನ್ನುವ ಮಹಾರಾಷ್ಟ್ರದವರು ಇದನ್ನು ಗಮನಿಸಬೇಕು. ನಮ್ಮೂರಿನ ಹಳೆಯ ಮನೆಗಳಿಗೆ ಮರಾಠಿ ಭೂತದ ಹುದ್ದೆ ಇನ್ನೂ ಖಾಲಿಯಿದೆ.

ಕನ್ನಡದ ಆವೃತ್ತಿಗೆ ನಮ್ಮವರು ಒಂದು ಭಾರೀ ಹಾವನ್ನೂ ಸೇರಿಸಿದರು. ಬೆಂಗಳೂರಿನಲ್ಲಿ ಜನ ಹೆದರಿರಬಹುದು. ಕಾಳಿಂಗ ಸರ್ಪ ಕೊಟ್ಟಿಗೆಗೆ ಬಂದರೆ ಹಿಡಿಯುವವರಿಗೆ ಫೋನ್ ಮಾಡಿ, ಅವರು ಬರುವಷ್ಟರಲ್ಲಿ ಚಹಾಕ್ಕೆ ಇಡುವ ಸೀಮೆಯಲ್ಲಿ ಅದು ಅಂಥ ಪರಿಣಾಮ ಬೀರುವುದು ಕಷ್ಟ.

ಇನ್ನು ‘ದೃಶ್ಯಂ’. 2013ರಲ್ಲಿ ಮಲಯಾಳದಲ್ಲಿ ಬಂದದ್ದು 2015 ಮುಗಿಯುವುದರೊಳಗೆ ಕನ್ನಡ, ತೆಲುಗು, ತಮಿಳು, ಹಿಂದಿ ಎಲ್ಲದರಲ್ಲಿಯೂ ಆಯಿತು. ಐದು ಭಾಷೆಗಳ ಪೊಲೀಸರು ಊರೆಲ್ಲ ಅಗೆದರು, ಮಗುವನ್ನೂ ಬಿಡದೆ ವಿಚಾರಿಸಿದರು, ಹೆಣ ಹೂತಿದ್ದ ತಮ್ಮ ಹೊಸ ಠಾಣೆಯ ನೆಲವನ್ನು ಮಾತ್ರ ನೋಡಲಿಲ್ಲ. ಕೇರಳದ ಠಾಣೆಯಿಂದ ಕರ್ನಾಟಕಕ್ಕೆ ಒಂದು ಫೋನ್ ಹೋಗಿದ್ದರೆ ನಾಲ್ಕು ರಾಜ್ಯಗಳ ತನಿಖಾ ವೆಚ್ಚ ಉಳಿಯುತ್ತಿತ್ತು. ಮುಂದೆ ಚೀನೀಯರೂ ಅದನ್ನು ತೆಗೆದರು. ಅಲ್ಲಿ ನಾಯಕ ಕೊನೆಗೆ ತಾನಾಗಿಯೇ ಶರಣಾಗುತ್ತಾನೆ. ಸ್ಥಳೀಯ ಸಂಸ್ಕೃತಿಗೆ ಹೊಂದಿಸುವುದೆಂದರೆ ಹೀಗೆ.

ಹಿಂದೆ ಇದಕ್ಕೆಲ್ಲ ಒಂದು ನ್ಯಾಯವಿತ್ತು. 1960ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಅಲಿಖಿತ ಕಟ್ಟಳೆ ನಡೆದುಬಂದಿತ್ತು. ಸಿದ್ದಾಪುರದವನಿಗೆ ಮಲಯಾಳದ ಕಥೆ ತಲುಪಬೇಕಾದರೆ ಯಾರಾದರೂ ಹಕ್ಕು ಕೊಂಡು, ನಾಯಕನಿಗೆ ಕನ್ನಡದ ಹೆಸರಿಟ್ಟು, ಮತ್ತೆ ಚಿತ್ರೀಕರಿಸಲೇಬೇಕಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧ ಎಂದಿತು. ಆಮೇಲೆ ಸಿನಿಮಾ ಮೊಬೈಲಿಗೇ ಬಂತು. ಈಗ ತೋಟದ ಮೇಲಿನ ಗುಡ್ಡದಲ್ಲಿ ನೆಟ್‌ವರ್ಕ್ ಸಿಗುವ ಒಂದೇ ಒಂದು ಬಂಡೆಯ ಮೇಲೆ ಕುಳಿತು ಊರಿನ ಹುಡುಗರು ಮೂಲವನ್ನೇ ನೋಡಿ ಮುಗಿಸಿರುತ್ತಾರೆ. ಎರಡು ವರ್ಷದ ನಂತರ ರಿಮೇಕ್ ಬರುತ್ತದೆ, ‘ಕೊಲೆಗಾರ ಯಾರು?’ ಎಂಬ ಪೋಸ್ಟರಿನ ಸಮೇತ. ಬಂಡೆಯ ಮೇಲಿದ್ದವರಲ್ಲಿ ಯಾರೋ ಒಬ್ಬ ಉತ್ತರವನ್ನು ಅದರ ಕೆಳಗೆ ಪೆನ್ನಿನಲ್ಲಿ ಬರೆದು ಹೋಗುತ್ತಾನೆ. ಇಷ್ಟರ ನಡುವೆ ನಿಜವಾಗಿಯೂ ಸ್ವಂತ ಕಥೆ ಬರೆದವರು ‘ಅಪ್ಪಟ ಸ್ವಮೇಕ್’ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿಕೊಳ್ಳುತ್ತಾರೆ. ಹಾಕಿಸದಿದ್ದರೆ ಪ್ರೇಕ್ಷಕ ಮೂಲ ಯಾವುದಿರಬಹುದೆಂದು ಹುಡುಕುತ್ತ ಅರ್ಧ ಸಿನಿಮಾ ಕಳೆದುಬಿಡುತ್ತಾನೆ.

ಪಕ್ಕದ ಮನೆಯಿಂದ ತರುವುದು ಕಡಿಮೆಯಾದ ಮೇಲೆ ನಮ್ಮವರು ತಮ್ಮ ಮನೆಯದನ್ನೇ ಮತ್ತೆ ಮತ್ತೆ ಬಿಸಿ ಮಾಡತೊಡಗಿದರು. 2018ರಲ್ಲಿ ‘ಕೆಜಿಎಫ್’ ಗೆದ್ದಿತು. ಅಂದಿನಿಂದ ಕನ್ನಡ ನಾಡಿನಲ್ಲಿ ಮಳೆಯಾಗಿಲ್ಲ. ಪರದೆಯ ಮೇಲೆ ಎತ್ತ ನೋಡಿದರೂ ಧೂಳು, ಮಸಿ, ಕಂದು ಬಣ್ಣ. ನಾಯಕನ ಬಗ್ಗೆ ಬೇರೆ ಯಾರೋ ಗಡಸು ದನಿಯಲ್ಲಿ ಕಥೆ ಹೇಳುತ್ತಾರೆ, ಏಕೆಂದರೆ ನಾಯಕ ಮಾತನಾಡುವುದಿಲ್ಲ. ಐದು ಭಾಷೆಗಳಿಗೆ ಡಬ್ ಮಾಡುವಾಗ ತುಟಿ ಹೊಂದಿಸುವ ಕೆಲಸ ಉಳಿಯುತ್ತದೆ. ಆಷಾಢದಲ್ಲಿ ಕೊಡೆ ಮಡಚಿಟ್ಟು, ಒದ್ದೆ ಪಂಚೆಯಲ್ಲಿ ಕುಳಿತು ಆ ಧೂಳನ್ನು ನೋಡುವ ನಮ್ಮವರಿಗೆ ಬಟ್ಟೆ ಒಣಗೀತೆಂಬ ಆಸೆಯಾದರೂ ಹುಟ್ಟುತ್ತದೆ.

ನಿರ್ಮಾಪಕರ ಪರವಾಗಿ ವಾದಿಸುವವರೊಬ್ಬರು ಮೊನ್ನೆ ನನ್ನ ಬಾಯಿ ಮುಚ್ಚಿಸಲು ನೋಡಿದರು. "ನಿಮ್ಮ ಯಕ್ಷಗಾನ ಇನ್ನೇನು? ಅದೇ ಗದಾಯುದ್ಧ, ಅದೇ ಕೀಚಕವಧೆ. ಅದು ರಿಮೇಕ್ ಅಲ್ಲವೇ?" ಪಾಯಿಂಟು ಗಟ್ಟಿಯಾಗಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಅದೂ ರಾಮಾಯಣದ ಇಂದ್ರಜಿತುವಿನ ಹೆಂಡತಿಯ ಕಥೆಯೇ. ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರ ಸೀಮೆಯಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ್ದೂ ಅದೇ 1934ರಲ್ಲಿ. ಇಬ್ಬರೂ ಹಳೆಯ ಕಥೆಯನ್ನೇ ಹಿಡಿದು ಹೊರಟವರು. ಆದರೆ ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲಿಯೇ ನಡೆಸುವ ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಮುಗಿಸಿದ ಮೇಲೆ ಅರ್ಥಧಾರಿ ಆಡುವ ಮಾತು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಎದುರಿಗೆ ಕುಳಿತವನು ಎಸೆದ ಪ್ರಶ್ನೆಗೆ ಅಲ್ಲಿಯೇ, ಆಗಲೇ ಉತ್ತರ ಕಟ್ಟಬೇಕು. ಸಂಧಾನಕ್ಕೆ ಬಂದ ಕೃಷ್ಣನನ್ನು ಕೌರವನು ವಾದದಲ್ಲಿ ಕಟ್ಟಿಹಾಕಿದ ರಾತ್ರಿಗಳಿವೆ. ಯುದ್ಧದಲ್ಲಿ ಸೋಲುತ್ತಾನೆ, ಅದು ಬೇರೆ ಮಾತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ಪ್ರತಿ ಸಲವೂ ಭೀಮನ ಕೈಯಲ್ಲಿ ಸತ್ತ. 2012ರಲ್ಲಿ ಪದ್ಮಶ್ರೀ ಬಂತೆಂದು ಅವನಿಗೇನೂ ಜೀವದಾನ ಸಿಗಲಿಲ್ಲ. ಜನ ಹೋಗುತ್ತಿದ್ದುದು ಅವನು ಸಾಯುತ್ತಾನೋ ಇಲ್ಲವೋ ಎಂದು ತಿಳಿಯುವುದಕ್ಕಲ್ಲ, ಸೈರಂಧ್ರಿಯನ್ನು ಕಂಡು ಇವತ್ತು ಹೇಗೆ ಹುಚ್ಚಾಗುತ್ತಾನೆ ಎಂದು ನೋಡುವುದಕ್ಕೆ. ರಿಮೇಕಿನವರಿಗೆ ಕಥೆ ಹಳೆಯದಾದರೆ ಸಾಲದು, ಮಾತೂ ಹಳೆಯದೇ ಆಗಬೇಕು, ಕ್ಯಾಮೆರಾ ಇಟ್ಟ ಮೂಲೆಯೂ ಅದೇ ಆಗಬೇಕು. ಬದಲಾಗುವುದು ಅಂಗಿಯ ಬಣ್ಣ.

ಟಿಕೆಟ್ ದರ 200 ರೂಪಾಯಿ ಮೀರಬಾರದೆಂದು 2025ರಲ್ಲಿ ಸರ್ಕಾರ ಆದೇಶ ಹೊರಡಿಸಿತು, ಹೈಕೋರ್ಟು ತಡೆ ಕೊಟ್ಟಿತು. ದರಕ್ಕಿಂತ ಮೊದಲು ನಾಯಕ ನಿಧಾನಗತಿಯಲ್ಲಿ ನಡೆದುಬರುವ ಹೆಜ್ಜೆಗಳಿಗೆ ಮಿತಿ ಹಾಕಿದ್ದರೆ ಸಾಕಾಗಿತ್ತು. ಎಲ್ಲರಂತೆ ನಡೆಸಿದರೆ ಸಿನಿಮಾ ಮಧ್ಯಂತರಕ್ಕೇ ಮುಗಿಯುತ್ತದೆ, ಶಿರಸಿಯಿಂದ ಹಳ್ಳಿಗೆ ಹೋಗುವ ಕೊನೆಯ ಬಸ್ಸಾದರೂ ಸಿಗುತ್ತದೆ.

ಈಗ ಕಣ್ಣು ಕರಾವಳಿಯ ಮೇಲೆ ಬಿದ್ದಿದೆ. 2022ರಲ್ಲಿ ‘ಕಾಂತಾರ’ ಗೆದ್ದ ಮೇಲೆ ಸಮುದ್ರ ಕಾಣುವ ಊರಿನಲ್ಲೆಲ್ಲ ದೈವ ಸಿಗುತ್ತದೆಂಬ ನಂಬಿಕೆ ಗಾಂಧಿನಗರದಲ್ಲಿ ಗಟ್ಟಿಯಾಗಿದೆ. ಭೂತಕೋಲ ತುಳುನಾಡಿನದು ಎಂದು ಅವರಿಗೆ ಹೇಳುವವರಿಲ್ಲ. ಅಂಥದೊಂದು ತಂಡ ಅಂಕೋಲೆಗೆ ಬಂದಿಳಿಯಿತು ಎಂದುಕೊಳ್ಳಿ. ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ ಜಗುಲಿಯ ಮೇಲೆ ಕುಳಿತ ಅಜ್ಜನನ್ನು ಸಹ ನಿರ್ದೇಶಕ ಕೇಳುತ್ತಾನೆ:

"ಅಜ್ಜಾ, ನಿಮ್ಮಲ್ಲಿ ಕೋಲ ಎಲ್ಲಿ ನಡೆಯುತ್ತದೆ?"

"ಕೋಲ ಇಲ್ಲ ತಮ್ಮಾ. ಹೋಳಿಯ ಹೊತ್ತಿಗೆ ಸುಗ್ಗಿ ಕುಣಿತ ಇದೆ. ತಲೆಗೆ ತುರಾಯಿ ಕಟ್ಟಿಕೊಂಡು ಮನೆಮನೆಗೆ ಹೋಗಿ ಕುಣಿಯುತ್ತೇವೆ."

"ಮೈಮೇಲೆ ಬರುತ್ತದೆಯೇ?"

"ಬೆವರು ಬರುತ್ತದೆ."

"ಬೆಂಕಿ? ರಕ್ತ? ಕೊನೆಯಲ್ಲಿ ಜೋರಾಗಿ ಒಂದು ಕೂಗು?"

"ಕೊನೆಯಲ್ಲಿ ಮನೆಯವರು ಅಕ್ಕಿ, ಕಾಯಿ ಕೊಡುತ್ತಾರೆ."

ಸಹ ನಿರ್ದೇಶಕ ದೂರ ಹೋಗಿ ಫೋನಿನಲ್ಲಿ ಮಾತನಾಡಿ ಹಿಂದಿರುಗುತ್ತಾನೆ. "ಪರವಾಗಿಲ್ಲ ಅಜ್ಜಾ, ನೀವು ಹಿಂದುಗಡೆ ಕುಣಿಯುತ್ತಿರಿ. ಬೆಂಕಿಯನ್ನು ನಾವು ಕಂಪ್ಯೂಟರಿನಲ್ಲಿ ಹಚ್ಚಿಕೊಳ್ಳುತ್ತೇವೆ."