ಪಾಂಪ್ಲೆಟ್ ಕೊಟ್ಟರೆ ಸಾಲದು, ಜೊತೆಗೆ ಬನ್ನಿ

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆಯುತ್ತಿದ್ದೇನೆ. ಉದ್ದವಾಗುತ್ತೆ, ಪುರುಸೊತ್ತಿದ್ದಾಗ ಓದಿ.

ಭಾನುವಾರ ಬೆಂಗಳೂರಿನ ಲಗ್ಗೆರೆ ಕಡೆ ಒಂದು ಕಲ್ಯಾಣ ಮಂಟಪದಲ್ಲಿ ಮಕ್ಕಳು ಮತ್ತು ಕುಟುಂಬಗಳಿಗಾಗಿ ಮಾಹಿತಿ ಮೇಳ ಇತ್ತು. ನಾನು ಮಕ್ಕಳ ಸಂಸ್ಥೆಯಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದವಳು ಅಂತ ನಿಮಗೆಲ್ಲ ಗೊತ್ತಲ್ಲ, ಹಾಗಾಗಿ ನನ್ನನ್ನೂ ಕರೆದಿದ್ದರು. ಸಾಲಾಗಿ ಟೇಬಲ್‌ಗಳು, ಹಿಂದೆ ಬ್ಯಾನರ್‌ಗಳು. ಬಂದವರ ಕೈಗೆಲ್ಲ ಒಂದು ಬಟ್ಟೆ ಚೀಲ, ಅದರೊಳಗೆ ಪಾಂಪ್ಲೆಟ್. ಬಂದವರಲ್ಲಿ ಜಾಸ್ತಿ ಜನ ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳು. ಅವರಿಗೆ ವಾರಕ್ಕೆ ಸಿಗೋದೇ ಒಂದು ರಜೆ. ಅದನ್ನು ಬಿಟ್ಟು ಬಂದಿದ್ದರು.

ಒಬ್ಬ ತಾಯಿ ಒಂದು ಟೇಬಲ್ ಮುಂದೆ ನಿಂತು ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದರು. ಮಗ ಒಂಬತ್ತನೇ ಕ್ಲಾಸ್. ಸ್ಕೂಲಿಗೆ ಹೋಗೋದು ಬಿಟ್ಟಿದ್ದಾನೆ. ರಾತ್ರಿಯಿಡೀ ಎಚ್ಚರ, ಹಗಲು ಹೊದ್ದು ಮಲಗುತ್ತಾನೆ, ಊಟಕ್ಕೆ ಎಬ್ಬಿಸಿದರೆ ತಟ್ಟೆ ಎಸೆಯುತ್ತಾನೆ. ಟೇಬಲ್ ಹಿಂದೆ ಇದ್ದ ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಪಾಂಪ್ಲೆಟ್ ಬಿಡಿಸಿ, ‘ಇದ್ರಲ್ಲಿ ಎಲ್ಲಾ ನಂಬರ್ ಇದೆ ಅಮ್ಮ’ ಅಂದು ಮುಂದಿನವರನ್ನು ಕರೆದಳು. ಆ ತಾಯಿ ನಾನು ಕೂತಿದ್ದ ಕಡೆ ಬಂದರು. ಪಾಂಪ್ಲೆಟ್ ಚಾಚಿ ಕೇಳಿದರು: ‘ಅಕ್ಕ, ಇದ್ರಲ್ಲಿ ಯಾವ್ದಕ್ಕೆ ಫೋನ್ ಮಾಡ್ಲಿ?’

ಪಾಂಪ್ಲೆಟ್ ನೋಡಿದೆ. 1098, 112, 181, 14416, ಮೂರ್ನಾಲ್ಕು ಲ್ಯಾಂಡ್‌ಲೈನ್. ಅರ್ಧ ಇಂಗ್ಲಿಷ್‌ನಲ್ಲಿ. ಯಾವುದು ಯಾವುದಕ್ಕೆ ಅಂತ ಒಂದು ಸಾಲೂ ಇಲ್ಲ. ಮಗನಿಗೆ ಮನಸ್ಸು ಸರಿಯಿಲ್ಲ ಅನ್ನೋ ತಾಯಿ ಪೊಲೀಸರ 112ಕ್ಕೆ ಫೋನ್ ಮಾಡಬೇಕಾ?

ನನ್ನ ತಕರಾರು ಇಷ್ಟೇ. ನಂಬರ್ ಕೊಟ್ಟುಬಿಟ್ಟರೆ ಸಹಾಯ ಮಾಡಿದ ಹಾಗಾಗಲ್ಲ. ನಮ್ಮ ಊರಲ್ಲಿ ಮಕ್ಕಳಿಗೆ ಬೇಕಾದ ಸಂಸ್ಥೆಗಳಿಗೆ ಕೊರತೆ ಇದೆ, ನಿಜ. ಆದರೆ ಇರುವ ಸಂಸ್ಥೆಯ ಬಾಗಿಲ ತನಕ ಜೊತೆಗೆ ಬರುವವರ ಕೊರತೆ ಅದಕ್ಕಿಂತ ದೊಡ್ಡದು. ಆ ಕೊರತೆಯ ಬಗ್ಗೆ ಯಾರೂ ಮಾತೇ ಆಡಲ್ಲ.

ಆ ತಾಯಿಗೆ ನಾನು 14416 ಹೇಳಿದೆ. ಟೆಲಿ ಮಾನಸ್, ಅಂದರೆ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಫೋನ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, ಇಡೀ ದೇಶಕ್ಕೆ ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ದಿನದ 24 ಗಂಟೆಯೂ ಇರುತ್ತೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಲ್ಲೇ ನನ್ನ ಪಕ್ಕ ಕೂತು ಫೋನ್ ಮಾಡಿದರು. ಮೊದಲು ದನಿ ನಡುಗುತ್ತಿತ್ತು, ಆಮೇಲೆ ಸರಿಹೋಯಿತು. ಆ ಕಡೆಯವರು ತಾಳ್ಮೆಯಿಂದ ಕೇಳಿ, ಹುಡುಗನನ್ನು ಒಮ್ಮೆ ಮಕ್ಕಳ ಮನೋವೈದ್ಯರಿಗೆ ತೋರಿಸಿ ಅಂದರು. ಒಳ್ಳೆಯ ಸಲಹೆ. ಆದರೆ ಕಷ್ಟ ಶುರುವಾಗೋದೇ ಅಲ್ಲಿಂದ.

ಲಗ್ಗೆರೆಯಿಂದ ನಿಮ್ಹಾನ್ಸ್‌ಗೆ ಮೆಜೆಸ್ಟಿಕ್‌ಗೆ ಹೋಗಿ ಬಸ್ ಬದಲಿಸಬೇಕು. ಶಕ್ತಿ ಯೋಜನೆ ಬಂದ ಮೇಲೆ, 2023ರ ಜೂನ್‌ನಿಂದ, ಆ ತಾಯಿಗೆ ಟಿಕೆಟ್ ಇಲ್ಲ, ಅದು ದೊಡ್ಡ ಉಪಕಾರವೇ. ಆದರೆ ಬೆಳಿಗ್ಗೆ ಬೇಗ ಹೋಗಿ ಕ್ಯೂ ನಿಲ್ಲಬೇಕು. ರಜೆ ಹಾಕಿದರೆ ಆ ದಿನದ ಸಂಬಳ ಹೋಯಿತು, ಅಟೆಂಡೆನ್ಸ್ ಬೋನಸ್ಸೂ ಹೋಯಿತು, ಮರುದಿನ ಸೂಪರ್‌ವೈಸರ್ ಬೈಗುಳ ಬೇರೆ. ಯಾವ ಕೌಂಟರ್, ಯಾವ ಬ್ಲಾಕ್, ಬಿಪಿಎಲ್ ಕಾರ್ಡ್ ಎಲ್ಲಿ ತೋರಿಸಬೇಕು ಅಂತ ಹೇಳೋರು ಬೇಕು. ಎಲ್ಲಕ್ಕಿಂತ ಮೊದಲು, ‘ನಾನೇನು ಹುಚ್ಚನಾ’ ಅಂತ ಕೂಗಾಡುವ ಹುಡುಗನನ್ನು ಬಸ್ ಹತ್ತಿಸಬೇಕು. ಇದರಲ್ಲಿ ಯಾವುದಕ್ಕೆ ಪಾಂಪ್ಲೆಟ್‌ನಲ್ಲಿ ನಂಬರ್ ಇದೆ ಹೇಳಿ?

ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ನನ್ನ ತಮ್ಮ ಪಿಯುಸಿಯಲ್ಲಿದ್ದಾಗ ಇದ್ದಕ್ಕಿದ್ದ ಹಾಗೆ ಮಾತು ಬಿಟ್ಟ. ಊಟ ಬಿಟ್ಟ. ಅಪ್ಪ ದೇವಸ್ಥಾನ ಸುತ್ತಿಸಿದರು, ತಾಯತ ಕಟ್ಟಿಸಿದರು. ನಿಮ್ಹಾನ್ಸ್ ಅನ್ನೋದು ಒಂದಿದೆ ಅಂತ ನಮಗೆ ಗೊತ್ತಿರಲಿಲ್ಲ ಅಂತಲ್ಲ. ಬೆಂಗಳೂರಲ್ಲಿ ಅದು ಗೊತ್ತಿಲ್ಲದವರು ಯಾರು? ಹೆಸರು ಕೇಳಿದರೇ ಭಯ. ಕೊನೆಗೆ ಪಕ್ಕದ ಮನೆ ಆಂಟಿ ಒಂದು ಸಂಜೆ ಬಂದು ಅಮ್ಮನಿಗೆ ಹೇಳಿದರು: ‘ನಾಳೆ ಬೆಳಿಗ್ಗೆ ಆರಕ್ಕೆ ರೆಡಿ ಇರು, ನಾನೂ ಬರ್ತೀನಿ.’ ಅಷ್ಟೇ. ಕ್ಯೂನಲ್ಲಿ ಅವರು ನಿಂತರು, ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರ್ ಹೇಳಿದ್ದನ್ನು ಬಸ್ಸಲ್ಲಿ ಬರುವಾಗ ನಿಧಾನವಾಗಿ ಮತ್ತೆ ಹೇಳಿದರು, ಯಾಕೆಂದರೆ ಅಮ್ಮನಿಗೆ ಆ ರೂಮಿನೊಳಗೆ ಒಂದೂ ಕಿವಿಗೆ ಬಿದ್ದಿರಲಿಲ್ಲ. ಸ್ವಲ್ಪ ದಿನ ಹೀಗೇ ನಡೆಯಿತು. ಆಮೇಲೆ ಅಮ್ಮ ಒಬ್ಬರೇ ಹೋಗಿ ಬರೋದು ಕಲಿತರು. ತಮ್ಮ ಇವತ್ತು ಚೆನ್ನಾಗಿದ್ದಾನೆ. ಅವನನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಡಾಕ್ಟರು, ಮಾತ್ರೆ ಎಲ್ಲ ಸರಿ, ಆದರೆ ಆ ಆಂಟಿ ಬರದಿದ್ದರೆ ಆ ಡಾಕ್ಟರ್ ಹತ್ತಿರ ನಾವು ಹೋಗುತ್ತಲೇ ಇರಲಿಲ್ಲ.

ಮೇಳ ಮುಗಿದ ಮೇಲೆ ಆಯೋಜಕರ ಹತ್ತಿರ ಮಾತಾಡಿದೆ. ‘ಎಲ್ಲರನ್ನೂ ಕೈ ಹಿಡಿದು ಕರ್ಕೊಂಡು ಹೋಗೋಕಾಗುತ್ತಾ ಮೇಡಂ? ಅಭ್ಯಾಸ ಆಗಿಬಿಡುತ್ತೆ, ಆಮೇಲೆ ಪ್ರತಿಯೊಂದಕ್ಕೂ ನಮ್ಮನ್ನೇ ಕರೀತಾರೆ. ಈಗ ಎಲ್ಲಾ ಮೊಬೈಲಲ್ಲೇ ಇದೆಯಲ್ಲ’ ಅಂದರು. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ನಮ್ಮಂಥ ಮನೆಗಳಲ್ಲಿ ಯಾರಾದರೂ ಆಸ್ಪತ್ರೆಗೆ ಒಬ್ಬರೇ ಹೋಗ್ತಾರಾ? ಗಂಡನೋ ಅಣ್ಣನೋ ಸ್ನೇಹಿತರೋ ಜೊತೆಗೆ ಇದ್ದೇ ಇರುತ್ತಾರೆ. ಪರಿಚಯದ ಡಾಕ್ಟರಿಗೆ ಮೊದಲೇ ಒಂದು ಫೋನ್ ಹೋಗಿರುತ್ತೆ. ಬಡವರು ಮಾತ್ರ ಎಲ್ಲವನ್ನೂ ಒಂಟಿಯಾಗಿ ಕಲಿಯಬೇಕು ಅನ್ನೋದು ಯಾವ ನ್ಯಾಯ? ಅಭ್ಯಾಸ ಆಗಿಬಿಡುತ್ತೆ ಅನ್ನೋದೂ ಸುಳ್ಳು. ನಮ್ಮ ಅಮ್ಮನ ಕಥೆ ಹೇಳಿದೆನಲ್ಲ.

ಇದು ನಾನು ಹೊಸದಾಗಿ ಹೇಳುತ್ತಿರುವ ಮಾತೂ ಅಲ್ಲ. ಹೆರಿಗೆ ವಿಷಯದಲ್ಲಿ ಸರ್ಕಾರಕ್ಕೇ ಇದು ಯಾವತ್ತೋ ಅರ್ಥವಾಗಿದೆ. ಬಸುರಿಗೆ ಆಸ್ಪತ್ರೆಯ ಅಡ್ರೆಸ್ ಕೊಟ್ಟು ಸುಮ್ನೆ ಕೂರಲಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ, ತಾಯಿ ಕಾರ್ಡ್ ನೋಡುತ್ತಾಳೆ, ನೋವು ಶುರುವಾದರೆ ಆಸ್ಪತ್ರೆಗೆ ಜೊತೆಗೆ ಹೋಗುತ್ತಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತೆ. ಅದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಆ ಹೆಣ್ಣುಮಕ್ಕಳ ಓಡಾಟ ದೊಡ್ಡದು. ಹುಟ್ಟುವ ತನಕ ಜೊತೆ ಬಂದವರು, ಅದೇ ಮಗುವಿಗೆ ಹದಿನಾಲ್ಕು ತುಂಬಿ ಮನಸ್ಸು ಕೆಟ್ಟಾಗ ಯಾಕೆ ಕಾಣೆಯಾಗುತ್ತಾರೆ?

ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳಲ್ಲೂ ಅಷ್ಟೇ. ಕಾಯ್ದೆ 2012ರದ್ದು. 2020ರ ನಿಯಮಗಳ ಪ್ರಕಾರ ತನಿಖೆಯಿಂದ ವಿಚಾರಣೆ ತನಕ ಮಗುವಿನ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ (ರಕ್ಷಣೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಜಿಲ್ಲೆಯ ಸಮಿತಿ) ನೇಮಿಸಬಹುದು. ಸ್ಟೇಷನ್ನು, ಆಸ್ಪತ್ರೆ, ಕೋರ್ಟು, ಇವುಗಳ ಮೆಟ್ಟಿಲು ಮಗು ಒಂಟಿಯಾಗಿ ಹತ್ತಬಾರದು ಅಂತ ಕಾನೂನೇ ಒಪ್ಪಿಕೊಂಡಿದೆ.

ಮಕ್ಕಳ ಸಹಾಯವಾಣಿ 1098 ಕೂಡ ಹುಟ್ಟಿದ್ದು ಹಾಗೇ. 1996ರಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಜೆರೂ ಬಿಲ್ಲಿಮೋರಿಯಾ ಶುರು ಮಾಡಿದ್ದು. ಫೋನ್ ಬಂದರೆ ಒಂದು ಗಂಟೆಯೊಳಗೆ ಒಬ್ಬ ಮನುಷ್ಯ ಮಗು ಇದ್ದಲ್ಲಿಗೆ ಹೋಗಬೇಕು ಅನ್ನೋದೇ ಅದರ ಜೀವ. 2023ರಲ್ಲಿ ಸರ್ಕಾರ ಅದನ್ನು ತಾನೇ ವಹಿಸಿಕೊಂಡು 112ರ ಜೊತೆ ಜೋಡಿಸಿತು. ಯಾರೇ ನಡೆಸಲಿ, ಆ ಕಡೆಯಿಂದ ಮನುಷ್ಯರು ಹೊರಟು ಬರಬೇಕು. ನಮ್ಮ ಬೆಂಗಳೂರಲ್ಲಿ ಬಾಸ್ಕೋ ಸಂಸ್ಥೆಯವರು 1980ರಿಂದ ಬೀದಿಯಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದಾರೆ. ಮನೆ ಬಿಟ್ಟು ಬಂದ ಹುಡುಗ ಆಫೀಸು ಹುಡುಕಿಕೊಂಡು ಬರಲಿ ಅಂತ ಅವರು ಕಾಯಲಿಲ್ಲ. ರೈಲ್ವೆ ಸ್ಟೇಷನ್‌ಗೆ, ಬಸ್ ಸ್ಟ್ಯಾಂಡ್‌ಗೆ ತಾವೇ ಹೋದರು. ಆ ಕೆಲಸದ ಬಗ್ಗೆ ನನಗೆ ತುಂಬಾ ಗೌರವ.

ಇನ್ನೊಂದು ವಿಷಯ. ಮಕ್ಕಳ ಕಲ್ಯಾಣ ಸಮಿತಿ ಅಂದರೆ ಸಾಕು, ತಾಯಂದಿರಿಗೆ ಮೊದಲು ಬರುವ ಯೋಚನೆ ‘ಮಗೂನ ಕಿತ್ಕೊಂಡು ಹಾಸ್ಟೆಲಿಗೆ ಹಾಕ್ತಾರೆ’ ಅಂತ. 2015ರ ಬಾಲನ್ಯಾಯ ಕಾಯ್ದೆ ಹೇಳೋದು ಅದಕ್ಕೆ ಉಲ್ಟಾ. ಮಗುವನ್ನು ಸಂಸ್ಥೆಗೆ ಸೇರಿಸೋದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಮನೆಯಲ್ಲೇ ಇಟ್ಟು ಬೆಳೆಸಲಿ ಅಂತಲೇ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅನ್ನೋ ನೆರವಿದೆ. ಅರ್ಹತೆ ಇದ್ದರೆ ತಿಂಗಳಿಗೆ ಮಗುವಿಗೆ 4,000 ರೂಪಾಯಿ. ಗಂಡ ತೀರಿಕೊಂಡ, ಗಂಡ ಬಿಟ್ಟುಹೋದ ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ಆಸರೆ ಗೊತ್ತಾ? ಮೇಳದಲ್ಲಿ ಅಂಥ ತಾಯಂದಿರು ಎಷ್ಟೋ ಜನ ಇದ್ದರು. ನಾನು ಮಾತಾಡಿಸಿದ ಒಬ್ಬರಿಗೂ ಇದರ ಹೆಸರು ಗೊತ್ತಿರಲಿಲ್ಲ. ಗೊತ್ತಾದರೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಬೇಕು, ಆದಾಯ ಪ್ರಮಾಣಪತ್ರ ಬೇಕು, ಬ್ಯಾಂಕ್ ಪಾಸ್‌ಬುಕ್ ಬೇಕು. ಮತ್ತೆ ಅದೇ ಓಡಾಟ, ಮತ್ತೆ ಒಂಟಿ.

ಸಂಸ್ಥೆಗಳಲ್ಲಿ ಜನ ಸಾಲದು ಅನ್ನೋದು ಮಾತ್ರ ನಿಜ. ನಾನೇ ಅನುಭವಿಸಿದ್ದೇನೆ. ಆದರೆ ಯಾಕೆ ಸಾಲದು? ದುಡ್ಡು ಕೊಡುವವರು ಸ್ಕೂಲ್ ಬ್ಯಾಗ್ ಕೊಡ್ತಾರೆ, ನೋಟ್‌ಬುಕ್ ಕೊಡ್ತಾರೆ, ಗೋಡೆಗೆ ಬಣ್ಣ ಹೊಡೆಸ್ತಾರೆ. ದಿನವಿಡೀ ಆಸ್ಪತ್ರೆಯಲ್ಲಿ ಒಬ್ಬ ತಾಯಿಯ ಪಕ್ಕ ಕೂರುವ ಹುಡುಗಿಯ ಸಂಬಳ ಕೇಳಿದರೆ, ‘ಸಂಬಳಕ್ಕೆ ಕೊಡಲ್ಲ’ ಅಂತಾರೆ. ಕೂತಿದ್ದನ್ನು ಫೋಟೋ ತೆಗೆಯೋಕಾಗಲ್ಲವಲ್ಲ. ಹೀಗೆ ಹೋದರೆ ಒಳ್ಳೆ ಹುಡುಗಿಯರೆಲ್ಲ ಒಂದೆರಡು ವರ್ಷ ಇದ್ದು ಬೇರೆ ಕೆಲಸಕ್ಕೆ ಹೋಗುತ್ತಾರೆ. ನಾನು ಅವರನ್ನು ದೂರಲ್ಲ, ಅವರಿಗೂ ಮನೆ ಬಾಡಿಗೆ ಇದೆ.

ಇದನ್ನು ಓದುವವರಲ್ಲಿ ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಯ ಕೆಲಸ ನೋಡುವವರು ನಾಲ್ಕೈದು ಜನ ಇದ್ದೀರಿ. 2014ರಿಂದ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ 2 ಭಾಗ ಇಂಥದ್ದಕ್ಕೆ ಖರ್ಚು ಮಾಡಲೇಬೇಕು. ಈ ವರ್ಷ ಬ್ಯಾಗಿನ ಬದಲು ಒಂದು ಸಂಸ್ಥೆಯ ಇಬ್ಬರು ಫೀಲ್ಡ್ ಕಾರ್ಯಕರ್ತೆಯರಿಗೆ ಮೂರು ವರ್ಷದ ಸಂಬಳ ಕೊಡಿ. ಮೇಳ ಮಾಡುವವರಿಗೂ ಒಂದು ಮಾತು. ಟೇಬಲ್ ಅರ್ಧ ಕಡಿಮೆ ಮಾಡಿ. ಬಂದವರ ಹೆಸರು, ಫೋನ್ ನಂಬರ್ ಅವರನ್ನು ಕೇಳಿ ಬರೆದುಕೊಳ್ಳಿ, ಮರುವಾರ ನೀವೇ ಫೋನ್ ಮಾಡಿ.

ರಿಟೈರ್ ಆದವರು, ವಾರದ ದಿನ ಒಂದು ಬೆಳಿಗ್ಗೆ ಬಿಡುವಿರುವವರು ನನಗೆ ಮೆಸೇಜ್ ಮಾಡಿ. ಲಗ್ಗೆರೆ, ಪೀಣ್ಯ, ರಾಜಗೋಪಾಲನಗರದ ಕಡೆ ಇದ್ದರೆ ಇನ್ನೂ ಒಳ್ಳೆಯದು. ನೀವು ಕೌನ್ಸೆಲಿಂಗ್ ಮಾಡಬೇಕಿಲ್ಲ, ಬುದ್ಧಿವಾದ ಹೇಳೋದು ಬೇಡವೇ ಬೇಡ. ಒಂದು ಸಂಸ್ಥೆಯ ಮೂಲಕವೇ ಹೋಗುತ್ತೀರಿ. ಮಕ್ಕಳ ವಿಷಯ ಅಲ್ವಾ, ಅವರು ನಿಮ್ಮ ಬಗ್ಗೆ ವಿಚಾರಿಸುತ್ತಾರೆ, ಬೇಜಾರು ಮಾಡ್ಕೋಬೇಡಿ. ಹೊರಡುವ ಹಿಂದಿನ ದಿನ ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್ ಇದೆಯಾ ಅಂತ ಫೋನ್ ಮಾಡಿ ಕೇಳಿ, ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಸಿಗಿ, ಕ್ಯೂನಲ್ಲಿ ನಿಲ್ಲಿ, ಡಾಕ್ಟರ್ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಡಿ. ಮುಂದಿನ ಸಲದ ತಾರೀಕಿಗೆ ಎರಡು ದಿನ ಮೊದಲು ಮತ್ತೆ ಫೋನ್ ಮಾಡಿ.