ಒಂದೇ ತಪ್ಪು, ಸ್ಟೇಟ್ ಬದಲಾದ್ರೆ ಶಿಕ್ಷೆ ಬೇರೆನಾ?

ಕ್ಯಾಲಿಫೋರ್ನಿಯಾಗೆ ಬಂದು ಇಷ್ಟು ವರ್ಷ ಆದ್ರೂ ಇಲ್ಲಿನ ಒಂದು ವಿಷಯ ಮಾತ್ರ ನಂಗೆ ಒಪ್ಕೊಳ್ಳೋಕೆ ಆಗಿಲ್ಲ. ನಮ್ಮಲ್ಲಿ ಬೀದರ್‌ನಲ್ಲಿ ಕದ್ರೂ ಕೊಚ್ಚಿಯಲ್ಲಿ ಕದ್ರೂ ಸೆಕ್ಷನ್ ಒಂದೇ, ಮುಂಚೆ ಐಪಿಸಿ, 2024ರ ಜುಲೈ 1ರಿಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ). ಇಲ್ಲಿ 50 ಸ್ಟೇಟಿಗೂ ಅದರದರದೇ ಕಾನೂನು, ಅದರ ಮೇಲೆ ಫೆಡರಲ್, ಅಂದ್ರೆ ಕೇಂದ್ರದ ಕಾನೂನು ಬೇರೆ, ಸ್ಟೇಟ್ ಕೋರ್ಟಲ್ಲಿ ಎಂದೋ ಮುಗಿದ ಕೇಸು ಫೆಡರಲ್ ಕೋರ್ಟಲ್ಲಿ ಮತ್ತೆ ಎದ್ದು ಬರತ್ತೆ.

ದೊಡ್ಡ ಕೇಸಲ್ಲಿ ಶಿಕ್ಷೆ ಆದವನು ಇಲ್ಲಿ ಗನ್ ಇಟ್ಕೊಳ್ಳೋ ಹಾಗಿಲ್ಲ. ಇಟ್ಕೊಂಡು ಸಿಕ್ಕಿಬಿದ್ದು, ಹಿಂದೆ ಮೂರು ಸಲ ಹಿಂಸೆಯ ಕೇಸಿಗೋ ಗಂಭೀರ ಡ್ರಗ್ಸ್ ಕೇಸಿಗೋ ಶಿಕ್ಷೆ ಆಗಿತ್ತು ಅಂದ್ರೆ ಫೆಡರಲ್ ಕಾನೂನಲ್ಲಿ ಕನಿಷ್ಠ 15 ವರ್ಷ ಜೈಲು. ಕನ್ನ ಹಾಕೋದೂ ಆ ಹಿಂಸೆಯ ಕೇಸುಗಳ ಪಟ್ಟಿಲಿದೆ, ಆದ್ರೆ ಅವನು ನಿಜವಾಗಿ ಏನ್ ಮಾಡಿದ ಅಂತ ನೋಡಲ್ಲ, ಆ ಸ್ಟೇಟಿನ ಸೆಕ್ಷನ್ ಹೇಗೆ ಬರೆದಿದಾರೆ ಅಂತ ನೋಡ್ತಾರೆ, 1990ರಿಂದ ಸುಪ್ರೀಂ ಕೋರ್ಟಿನ ದಾರಿ ಇದೇ. ಕ್ಯಾಲಿಫೋರ್ನಿಯಾದಲ್ಲಿ ಕದಿಯೋ ಉದ್ದೇಶದಿಂದ ತೆರೆದಿರೋ ಅಂಗಡಿಗೆ ಕಾಲಿಟ್ರೂ ಆಗೆಲ್ಲ ಅದೇ ಕನ್ನದ ಸೆಕ್ಷನ್ ಆಗ್ತಿತ್ತು, ಅದಕ್ಕೇ 2013ರಲ್ಲಿ ಸುಪ್ರೀಂ ಕೋರ್ಟು ಆ ಸೆಕ್ಷನ್ ಈ ಮೂರರ ಲೆಕ್ಕಕ್ಕೆ ಬರಲ್ಲ ಅಂತು. ಅಂದ್ರೆ ಇಲ್ಲಿ ನಡುರಾತ್ರಿ ಮನೆಗೆ ನುಗ್ಗಿದವನೂ ಆ 15 ವರ್ಷದ ಲೆಕ್ಕದಿಂದ ಪಾರು, ಬೇರೆ ಸ್ಟೇಟಲ್ಲಿ ಅದನ್ನೇ ಮಾಡಿದವನು ಸಿಕ್ಕಿಹಾಕ್ಕೊಳ್ತಾನೆ, ಇದ್ಯಾವ ನ್ಯಾಯ ರೀ?

ನಂಗೆ ಜಾಸ್ತಿ ಸಂಕಟ ಆಗೋದು ಡ್ರಗ್ಸ್ ವಿಷಯಕ್ಕೆ. 2014ರಲ್ಲಿ ಇಲ್ಲಿನ ಜನಾನೇ ವೋಟ್ ಹಾಕಿ ಸ್ವಂತಕ್ಕೆ ಡ್ರಗ್ಸ್ ಇಟ್ಕೊಂಡಿರೋ ಕೇಸನ್ನ ಸಣ್ಣ ಅಪರಾಧ ಮಾಡಿದ್ರು, ಹಳೇ ಕೇಸುಗಳನ್ನೂ ಇಳಿಸ್ಕೊಳ್ಳೋಕೆ ಅವಕಾಶ ಕೊಟ್ರು. ಆದ್ರೆ ಗನ್ ಕಾನೂನಿನ ಹಾಗೇ ಫೆಡರಲ್ ಡ್ರಗ್ಸ್ ಕಾನೂನಲ್ಲೂ ಹಳೇ ಕೇಸು ನೋಡಿ ಕನಿಷ್ಠ ಶಿಕ್ಷೆ ಏರಿಸ್ತಾರೆ, ಅದರಲ್ಲಿ 2016ರಲ್ಲಿ ಫೆಡರಲ್ ಅಪೀಲ್ ಕೋರ್ಟು, ನೀವು ಆಮೇಲೆ ಇಳಿಸಿದ್ರೂ ನಮ್ಮ ಲೆಕ್ಕದಲ್ಲಿ ಅದು ದೊಡ್ಡ ಕೇಸೇ ಅಂತು. ಶಿಕ್ಷೆ ಕೊಟ್ಟ ಸ್ಟೇಟೇ ಮನಸ್ಸು ಬದಲಾಯಿಸಿದ ಮೇಲೆ ಅದನ್ನ ಹಿಡ್ಕೊಂಡು ಕೂರೋದು ತಪ್ಪು. 2018ರ ಫೆಡರಲ್ ಕಾನೂನು ಬಂದ್ಮೇಲೆ ಈ ಕನಿಷ್ಠ ಶಿಕ್ಷೆ ಏರಿಸೋಕೆ ಹಳೇ ಡ್ರಗ್ಸ್ ಕೇಸುಗಳಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಜೈಲಲ್ಲಿದ್ದ ಗಂಭೀರ ಕೇಸು ಮಾತ್ರ ಲೆಕ್ಕ ಅಂತ ಆಯ್ತು, ಅದೊಂದು ಸಮಾಧಾನ.

ನಮ್ಮ ಬಿಎನ್‌ಎಸ್ 13ನೇ ಸೆಕ್ಷನ್ನಲ್ಲೂ ಹಳೇ ಶಿಕ್ಷೆ ಇದ್ದು ಮತ್ತೆ ಕಳ್ಳತನದಂಥ ಕೇಸಲ್ಲಿ ಸಿಕ್ಕರೆ ಜೀವಾವಧಿ ಇಲ್ಲಾ 10 ವರ್ಷದವರೆಗೂ ಕೊಡಬಹುದು, ಆದ್ರೆ 'ವರೆಗೂ' ಅಷ್ಟೇ, ಆ ಸೆಕ್ಷನ್ನಲ್ಲಿ ಕನಿಷ್ಠ ಇಷ್ಟು ಅಂತಿಲ್ಲ, ಮನುಷ್ಯನ್ನ ನೋಡಿ ತೂಗೋ ಅಧಿಕಾರ ಜಡ್ಜ್ ಕೈಲೇ ಉಳಿಯತ್ತೆ. ನಮ್ಮ ಡ್ರಗ್ಸ್ ಕಾನೂನು ಎನ್‌ಡಿಪಿಎಸ್‌ನಲ್ಲಿ ಎರಡನೇ ಸಲ ಸಿಕ್ಕರೆ ಕನಿಷ್ಠ ಶಿಕ್ಷೆನೂ ಒಂದೂವರೆ ಪಟ್ಟು ಆಗತ್ತೆ, ಅದನ್ನೂ ನಾನು ಒಪ್ಪಲ್ಲ.

ಜಾರ್ಜಿಯಾದಲ್ಲಿ 1997ರಲ್ಲಿ ವೂಡನ್ ಅನ್ನೋನು ಜೊತೆಗಾರರ ಜೊತೆ ಸೇರಿ ಒಂದೇ ರಾತ್ರಿ, ಒಂದೇ ಕಟ್ಟಡದಲ್ಲಿ, ಗೋಡೆ ಒಡ್ಕೊಂಡು ಹತ್ತು ಗೋದಾಮು ರೂಮು ದೋಚಿದ್ದ. ಎಷ್ಟೋ ವರ್ಷದ ಮೇಲೆ ಮನೇಲಿ ಗನ್ ಸಿಕ್ತು, ಎರಡು ವರ್ಷದ ಆಸುಪಾಸು ಆಗಬೇಕಿದ್ದ ಶಿಕ್ಷೆ 188 ತಿಂಗಳಾಯ್ತು. 2022ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ಜಡ್ಜ್‌ಗಳು ಅದು ಒಂದೇ ಸಲ ಅಂತ ಹೇಳೋವರೆಗೂ ಆ ಒಂದು ರಾತ್ರಿನ ಹತ್ತು ಸಲ ಅಂತಾನೇ ಎಣಿಸಿದ್ರು.